ಟ್ಯೂಮರ್ ಇಮ್ಯುನಾಲಜಿಯಲ್ಲಿ ರಿಸಲ್ಟ್ ನಂಬೋ ಮುಂಚೆ ಆರ್ಟಿಫ್ಯಾಕ್ಟ್ ಹಿಡಿಯೋದು ಹೇಗೆ

ದೇಹದ ರೋಗನಿರೋಧಕ ವ್ಯವಸ್ಥೆ (ಇಮ್ಯೂನ್ ಸಿಸ್ಟಮ್) ಕ್ಯಾನ್ಸರ್ ಗಡ್ಡೆ ಜೊತೆ ಹೇಗೆ ಹೋರಾಡತ್ತೆ ಅಂತ ನೋಡೋದು ಟ್ಯೂಮರ್ ಇಮ್ಯುನಾಲಜಿ, ಪ್ರಯೋಗದ ದೋಷದಿಂದ ಹುಟ್ಟೋ ಸುಳ್ಳು ರಿಸಲ್ಟ್ ಆರ್ಟಿಫ್ಯಾಕ್ಟ್. ಇಲ್ಲವೇ ಇಲ್ಲದ ಒಂದು ಪ್ರೋಟೀನ್ ಹಿಂದೆ ನಾನು ಎಂಟು ತಿಂಗಳು ಓಡಿದ್ದೀನಿ. ಟ್ಯೂಮರ್ ಸೆಲ್ ಬೆಳೆಸಿದ ಮೀಡಿಯಂ (ಸೆಲ್‌ಗಳಿಗೆ ಆಹಾರ ಆಗೋ ದ್ರವ) ತಗೊಂಡು ಟಿ ಸೆಲ್‌ಗಳ (ರೋಗದ ವಿರುದ್ಧ ಹೋರಾಡೋ ಬಿಳಿ ರಕ್ತಕಣ) ಮೇಲೆ ಹಾಕಿದ್ರೆ ಟಿ ಸೆಲ್ ಡಿವೈಡ್ ಆಗೋದೇ ನಿಂತುಹೋಗ್ತಿತ್ತು, ಪ್ರತಿ ಸಲವೂ, ಎಷ್ಟು ಚೆನ್ನಾಗಿ ರಿಪೀಟ್ ಆಗ್ತಿತ್ತು ಅಂದ್ರೆ ಇದು ಟ್ಯೂಮರ್ ಬಿಡೋ ಹೊಸ ಸಪ್ರೆಸರ್ ಅಂತ ಲ್ಯಾಬ್‌ನಲ್ಲಿ ಎಲ್ರಿಗೂ ನಂಬಿಕೆ ಬಂದಿತ್ತು. ಕಾಲಂ ಹಾಕಿ ಮೀಡಿಯಂನ ಬೇರೆ ಬೇರೆ ಭಾಗ ಮಾಡಿದ್ವಿ, ಗೊತ್ತಿರೋ ಸೈಟೊಕೈನ್‌ಗಳನ್ನೆಲ್ಲ (ಇಮ್ಯೂನ್ ಸೆಲ್‌ಗಳ ಸಂದೇಶ ಒಯ್ಯೋ ಪ್ರೋಟೀನ್) ಬ್ಲಾಕ್ ಮಾಡಿ ನೋಡಿದ್ವಿ, ಯಾವುದೂ ಅಲ್ಲ. ಆಮೇಲೆ ಒಂದಿನ ಇನ್ನೊಂದು ಫ್ರೀಜರ್‌ನಲ್ಲಿದ್ದ ಅದೇ ಸೆಲ್ ಲೈನ್‌ನ (ಲ್ಯಾಬ್‌ನಲ್ಲಿ ತಲೆಮಾರುಗಟ್ಟಲೆ ಬೆಳೆಸ್ತಾ ಬರೋ ಸೆಲ್‌ಗಳು) ಹಳೇ ವಯಲ್ ತೆಗೆದು ಬೆಳೆಸಿದಾಗ ಎಫೆಕ್ಟ್ ಸೊನ್ನೆ. ಪಿಸಿಆರ್ (ಡಿಎನ್‌ಎ ಪತ್ತೆ ಹಚ್ಚೋ ಟೆಸ್ಟ್) ಮಾಡಿದ್ರೆ ನಾವು ದಿನಾ ಬೆಳೆಸ್ತಿದ್ದ ಸೆಲ್‌ಗಳ ತುಂಬಾ ಮೈಕೋಪ್ಲಾಸ್ಮಾ ಅನ್ನೋ ಪುಟಾಣಿ ಬ್ಯಾಕ್ಟೀರಿಯಾ. ಅದು ಮೀಡಿಯಂನಲ್ಲಿದ್ದ ಆರ್ಜಿನಿನ್ ಅನ್ನೋ ಅಮೈನೋ ಆಮ್ಲ ತಿಂದು ಖಾಲಿ ಮಾಡಿತ್ತು, ಆರ್ಜಿನಿನ್ ಇಲ್ದೆ ಟಿ ಸೆಲ್ ಡಿವೈಡ್ ಆಗಲ್ಲ. ಆರ್ಜಿನಿನ್ ವಾಪಸ್ ಹಾಕಿದ್ರೆ ಟಿ ಸೆಲ್‌ಗಳು ಮತ್ತೆ ಡಿವೈಡ್ ಆಗೋಕೆ ಶುರು.

ಅವತ್ತಿನಿಂದ ಯಾವ ರಿಸಲ್ಟ್ ಬಂದ್ರೂ ಮೊದಲು ಒಂದೇ ಪ್ರಶ್ನೆ ಕೇಳ್ಕೊಳ್ತೀನಿ: ಇಲ್ಲಿ ಟ್ಯೂಮರ್ ವಿರುದ್ಧದ ಇಮ್ಯುನಿಟಿ ಅನ್ನೋದು ಇಲ್ಲದೇ ಹೋಗಿದ್ರೂ ಇದೇ ಗ್ರಾಫ್ ಬರಬಹುದಾಗಿತ್ತಾ? ಬರಬಹುದು ಅಂತಾದ್ರೆ, ಆ ಬೇರೆ ಕಾರಣವನ್ನ ಸಾಯಿಸೋ ಒಂದು ಪ್ರಯೋಗ ಮಾಡದೆ ಮುಂದಕ್ಕೆ ಹೋಗಬಾರದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮಲ್ಲಿ ಹೇಳ್ತಾರಲ್ಲ, ಈ ಫೀಲ್ಡಿಗೆ ಅದು ಅಕ್ಷರಶಃ ಬೇಕು. ಹೊಸದಾಗಿ ಬೆಂಚಿಗೆ ಬಂದವರಿಗೆ ಉಪಯೋಗ ಆಗ್ಲಿ ಅಂತ, ಎಲ್ಲೆಲ್ಲಿ ಕಾಲು ಜಾರತ್ತೆ, ಹೇಗೆ ಚೆಕ್ ಮಾಡ್ಬೇಕು ಅನ್ನೋದನ್ನ ಕೆಲಸ ನಡೆಯೋ ಆರ್ಡರ್‌ನಲ್ಲೇ ಬರೀತೀನಿ.

ಮೊದಲು ಸೆಲ್‌ಗಳು

ಮೈಕೋಪ್ಲಾಸ್ಮಾ ಯಾಕೆ ಅಷ್ಟು ಅಪಾಯ ಅಂದ್ರೆ ಅದು ಕಣ್ಣಿಗೆ ಕಾಣಲ್ಲ. ಬೇರೆ ಬ್ಯಾಕ್ಟೀರಿಯಾ ಬಂದ್ರೆ ಮೀಡಿಯಂ ಕಲಕಿ ಹೋಗತ್ತೆ, ಇದು ಬಂದ್ರೆ ಮೀಡಿಯಂ ಕ್ಲಿಯರ್ ಆಗೇ ಇರತ್ತೆ. ಸೆಲ್ ವಾಲ್ ಇಲ್ಲದೇ ಇರೋದ್ರಿಂದ ನಾವು ಅಭ್ಯಾಸಬಲದಿಂದ ಹಾಕೋ ಪೆನಿಸಿಲಿನ್ ಇದಕ್ಕೆ ನಾಟೋದೇ ಇಲ್ಲ, 0.2 ಮೈಕ್ರಾನ್ ಫಿಲ್ಟರ್ ಮೂಲಕವೂ ನುಸುಳತ್ತೆ. ಅದರ ಲಿಪೊಪ್ರೋಟೀನ್‌ಗಳು ಟಿಎಲ್‌ಆರ್2 (ಸೂಕ್ಷ್ಮಜೀವಿ ಪತ್ತೆ ಹಚ್ಚೋ ರಿಸೆಪ್ಟರ್) ಮೂಲಕ ಮ್ಯಾಕ್ರೊಫೇಜ್‌ಗಳನ್ನ (ಸೂಕ್ಷ್ಮಜೀವಿ ನುಂಗೋ ಇಮ್ಯೂನ್ ಸೆಲ್) ಎಬ್ಬಿಸ್ತವೆ, ಅಂದ್ರೆ ಒಂದೇ ಕೊಳೆ ಒಂದು ಪ್ರಯೋಗದಲ್ಲಿ ಇಮ್ಯುನಿಟಿ ಕಮ್ಮಿ ಮಾಡ್ದಂಗೂ ಇನ್ನೊಂದರಲ್ಲಿ ಜಾಸ್ತಿ ಮಾಡ್ದಂಗೂ ಕಾಣಿಸಬಹುದು. ಕೆಲವು ಜಾತಿಗಳು ಡಿಎನ್‌ಎ ಕಟ್ಟೋಕೆ ಬೇಕಾದ ಥೈಮಿಡಿನ್ ಒಡೆದು ಹಾಕ್ತವೆ, ಹಾಗಾಗಿ ರೇಡಿಯೋಆಕ್ಟಿವ್ ಥೈಮಿಡಿನ್ ಹಾಕಿ ಸೆಲ್ ಎಷ್ಟು ಡಿವೈಡ್ ಆಗ್ತಿದೆ ಅಂತ ಅಳೆಯೋ ಹಳೇ ಪದ್ಧತಿಯಲ್ಲಿ ಸೆಲ್ ಚೆನ್ನಾಗಿ ಡಿವೈಡ್ ಆಗ್ತಿದ್ರೂ ಕೌಂಟ್ ಬೀಳತ್ತೆ. ತಿಂಗಳಿಗೊಂದು ಸಲ ಪಿಸಿಆರ್, ಹೊಸ ಸೆಲ್ ಬಂದಾಗ ಬೇರೆ ಇನ್‌ಕ್ಯುಬೇಟರ್‌ನಲ್ಲಿ ಕ್ವಾರಂಟೈನ್, ಇಲಿಗೆ ಇಂಜೆಕ್ಟ್ ಮಾಡೋ ಪ್ರತಿ ಬ್ಯಾಚಿಗೂ ಟೆಸ್ಟ್, ಇಷ್ಟು ಮಾಡಿ. ಟೆಸ್ಟ್ ಮಾಡೋಕೆ ಮುಂಚೆ ಎರಡು ಮೂರು ದಿನ ಮೀಡಿಯಂ ಬದಲಾಯಿಸದೆ, ಆಂಟಿಬಯಾಟಿಕ್ ಹಾಕದೆ ಬೆಳೆಸಿ, ಇಲ್ಲಾಂದ್ರೆ ಕಡಿಮೆ ಇರೋದು ಸಿಗೋದೇ ಇಲ್ಲ.

ಇನ್ನೊಂದು, ನಿಮ್ಮ ಹತ್ರ ಇರೋ ಸೆಲ್ ಲೈನ್ ನಿಜವಾಗ್ಲೂ ಅದೇನಾ? 1966ರಲ್ಲಿ ಸ್ಟ್ಯಾನ್ಲಿ ಗಾರ್ಟ್ಲರ್ ಬೇರೆ ಬೇರೆ ಹೆಸರಿನ ಎಷ್ಟೋ ಸೆಲ್ ಲೈನ್‌ಗಳು ನಿಜಕ್ಕೂ ಹೀಲಾ ಅನ್ನೋ ಹಳೇ ಕ್ಯಾನ್ಸರ್ ಸೆಲ್ ಲೈನ್ ಅಂತ ತೋರಿಸಿದ್ರು, ಅವತ್ತಿಂದ ಇವತ್ತಿನ ತನಕ ಈ ಸಮಸ್ಯೆ ಹೋಗಿಲ್ಲ. ಎಂಡಿಎ-ಎಂಬಿ-435 ಅನ್ನೋದನ್ನ ವರ್ಷಗಟ್ಟಲೆ ಸ್ತನ ಕ್ಯಾನ್ಸರ್ ಅಂತ ಬಳಸಿದ್ರು, ಅದು ಎಂ14 ಮೆಲನೋಮಾ (ಒಂದು ಥರದ ಚರ್ಮದ ಕ್ಯಾನ್ಸರ್). ಮೆಲನೋಮಾ ಆಂಟಿಜೆನ್‌ಗಳನ್ನ (ಇಮ್ಯೂನ್ ಸಿಸ್ಟಮ್ ಗುರುತು ಹಿಡಿಯೋ ಗುರಿ) ಸ್ತನ ಕ್ಯಾನ್ಸರ್‌ನಲ್ಲಿ ಕಂಡೆವು ಅಂತ ಸಂತೋಷಪಟ್ಟವರ ಸ್ಥಿತಿ ಯೋಚಿಸಿ. ಎಸ್‌ಟಿಆರ್ ಪ್ರೊಫೈಲ್ (ಡಿಎನ್‌ಎ ಬೆರಳಚ್ಚು) ಮಾಡಿಸಿ, ಇಲಿ ಸೆಲ್‌ಗಳಿಗೂ ಈಗ ಆ ಸೌಲಭ್ಯ ಇದೆ. ಪಾಸೇಜ್ ನಂಬರ್ (ಎಷ್ಟು ಸಲ ಹೊಸ ಡಿಶ್‌ಗೆ ಹಾಕಿ ಬೆಳೆಸಿದ್ದು ಅನ್ನೋ ಲೆಕ್ಕ) ಬರೆದಿಡಿ, ಯಾಕಂದ್ರೆ ಇಪ್ಪತ್ತು ಮೂವತ್ತು ಪಾಸೇಜ್ ಆದ್ಮೇಲೆ ಟಿ ಸೆಲ್‌ಗೆ ಆಂಟಿಜೆನ್ ತೋರಿಸೋ ಎಂಎಚ್‌ಸಿ ಪ್ರೋಟೀನ್‌ನ ಎಕ್ಸ್‌ಪ್ರೆಶನ್ ಕೂಡ ಬೇರೆ ಆಗಿರಬಹುದು, ಆಗ ಹೋದ ವರ್ಷದ ಗುಂಪನ್ನ ಈ ವರ್ಷದ ಗುಂಪಿನ ಜೊತೆ ಹೋಲಿಸೋದಕ್ಕೆ ಅರ್ಥವೇ ಇಲ್ಲ.

ಎಲ್‌ಪಿಎಸ್ ಅನ್ನೋ ಹಳೇ ಶತ್ರು

ಎಲ್‌ಪಿಎಸ್ ಅಂದ್ರೆ ಕೆಲವು ಬ್ಯಾಕ್ಟೀರಿಯಾಗಳ ಹೊರಗೋಡೆಯಲ್ಲಿರೋ, ಇಮ್ಯೂನ್ ಸೆಲ್‌ಗಳನ್ನ ಜೋರಾಗಿ ಎಬ್ಬಿಸೋ ವಸ್ತು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ, ಯಾಕಂದ್ರೆ ಇದು ಒಂದಿಬ್ಬರನ್ನಲ್ಲ, ಇಡೀ ಫೀಲ್ಡನ್ನೇ ದಾರಿ ತಪ್ಪಿಸಿದ ಉದಾಹರಣೆ ಇದೆ. ಹೀಟ್ ಶಾಕ್ ಪ್ರೋಟೀನ್‌ಗಳು (ಶಾಖ, ಒತ್ತಡ ಬಂದಾಗ ಸೆಲ್ ಜಾಸ್ತಿ ಮಾಡೋ ಪ್ರೋಟೀನ್), ಅದರಲ್ಲೂ ಎಚ್‌ಎಸ್‌ಪಿ60 ಮತ್ತೆ ಎಚ್‌ಎಸ್‌ಪಿ70, ಟಿಎಲ್‌ಆರ್4 ಮೂಲಕ ಮ್ಯಾಕ್ರೊಫೇಜ್ ಮತ್ತೆ ಡೆಂಡ್ರಿಟಿಕ್ ಸೆಲ್‌ಗಳನ್ನ (ಟಿ ಸೆಲ್‌ಗೆ ಆಂಟಿಜೆನ್ ತೋರಿಸೋ ಸೆಲ್) ನೇರವಾಗಿ ಎಬ್ಬಿಸ್ತವೆ ಅಂತ 2000ದ ಆಸುಪಾಸಿನಲ್ಲಿ ಸಾಲು ಸಾಲು ಪೇಪರ್ ಬಂದವು. ಸಾಯೋ ಟ್ಯೂಮರ್ ಸೆಲ್ ಈ ಪ್ರೋಟೀನ್ ಬಿಡತ್ತೆ, ಇಮ್ಯೂನ್ ಸಿಸ್ಟಮ್‌ಗೆ ಅಪಾಯದ ಗಂಟೆ ಹೊಡೆಯತ್ತೆ ಅನ್ನೋ ಚೆಂದದ ಕಥೆಗೆ ಅದು ಸರಿಯಾಗಿ ಕೂತ್ಕೊಳ್ತಿತ್ತು. ಆದ್ರೆ ಆ ಪ್ರೋಟೀನ್‌ಗಳಲ್ಲಿ ಸುಮಾರಷ್ಟು ಮಾಡಿದ್ದು ಇ. ಕೋಲೈ ಒಳಗೆ, ಇ. ಕೋಲೈನ ಹೊರಗೋಡೆ ತುಂಬಾ ಎಲ್‌ಪಿಎಸ್, ಟಿಎಲ್‌ಆರ್4 ಇರೋದೇ ಎಲ್‌ಪಿಎಸ್ ಹಿಡಿಯೋಕೆ. ಎಲ್‌ಪಿಎಸ್ ಚೆನ್ನಾಗಿ ತೆಗೆದು ಶುದ್ಧ ಮಾಡಿದ ಪ್ರೋಟೀನ್ ಹಾಕಿ ನೋಡಿದಾಗ ಆ ಎಬ್ಬಿಸೋ ಶಕ್ತಿ ಹೊರಟುಹೋಯ್ತು.

ಇದರಲ್ಲಿ ನನಗೆ ಅತಿ ಮುಖ್ಯ ಅನ್ಸೋದು ಏನಂದ್ರೆ ಅವರು ಕಂಟ್ರೋಲ್ (ಬೇರೆ ಕಾರಣ ತಳ್ಳಿಹಾಕೋಕೆ ಪಕ್ಕದಲ್ಲಿಡೋ ಹೋಲಿಕೆ) ಹಾಕದೇ ಇರಲಿಲ್ಲ. ಸ್ಯಾಂಪಲ್ ಕುದಿಸಿ ನೋಡಿದ್ರು, ಕುದಿಸಿದ್ರೆ ಎಫೆಕ್ಟ್ ಹೋಗ್ತಿತ್ತು, ಎಲ್‌ಪಿಎಸ್ ಶಾಖಕ್ಕೆ ಬಗ್ಗಲ್ಲ ಅಂತ ಎಲ್ರೂ ಓದಿದ್ದೀವಿ, ಹಾಗಾದ್ರೆ ಇದು ಪ್ರೋಟೀನ್‌ನದ್ದೇ ಕೆಲಸ ಅಂತ ತೀರ್ಮಾನ. ಆಮೇಲೆ ಗೊತ್ತಾಗಿದ್ದು, ತುಂಬಾ ಕಡಿಮೆ ಪ್ರಮಾಣದಲ್ಲಿರೋ ಎಲ್‌ಪಿಎಸ್ ಕುದಿಸಿದಾಗ ಅದರ ಚಟುವಟಿಕೆಯೂ ಬೀಳತ್ತೆ ಅಂತ. ಅಂದ್ರೆ ಕಂಟ್ರೋಲ್‌ಗೇ ಕಂಟ್ರೋಲ್ ಬೇಕಿತ್ತು: ನಿಮ್ಮ ಸ್ಯಾಂಪಲ್‌ನಲ್ಲಿ ಎಷ್ಟು ಎಲ್‌ಪಿಎಸ್ ಇದೆಯೋ ಅಷ್ಟನ್ನೇ ಶುದ್ಧ ಎಲ್‌ಪಿಎಸ್ ತಗೊಂಡು ಪಕ್ಕದಲ್ಲೇ ಕುದಿಸಿ ನೋಡ್ಬೇಕಿತ್ತು.

ಹಾಗಾಗಿ ಮಾಡಬೇಕಾದ್ದು ಹೀಗೆ. ಎಲ್‌ಎಎಲ್ ಟೆಸ್ಟ್ ಮಾಡಿ, ಕುದುರೆ ಲಾಳದ ಏಡಿ ರಕ್ತದಿಂದ ಬರೋ ಆ ಟೆಸ್ಟೇ. ಆದ್ರೆ ಫಂಗಸ್‌ನ ಬೀಟಾ-ಗ್ಲೂಕನ್ ಇದ್ರೂ ಅದು ಪಾಸಿಟಿವ್ ತೋರಿಸಬಹುದು, ನಿಮ್ಮ ಬಫರ್ ಅಡ್ಡಬಂದು ಸುಳ್ಳು ನೆಗೆಟಿವ್ ಕೂಡ ಕೊಡಬಹುದು, ಅದಕ್ಕೆ ಸ್ಯಾಂಪಲ್‌ಗೆ ಗೊತ್ತಿರೋಷ್ಟು ಎಲ್‌ಪಿಎಸ್ ಬೆರೆಸಿ ಅದು ವಾಪಸ್ ಸಿಗತ್ತಾ ನೋಡಿ. ಪಾಲಿಮಿಕ್ಸಿನ್ ಬಿ ಅನ್ನೋ ಆಂಟಿಬಯಾಟಿಕ್ ಹಾಕಿದ್ರೆ ಎಲ್‌ಪಿಎಸ್ ತಡೆಯತ್ತೆ, ಆದ್ರೆ ಬ್ಯಾಕ್ಟೀರಿಯಾದ ಲಿಪೊಪ್ರೋಟೀನ್‌ಗಳನ್ನ ತಡೆಯಲ್ಲ. ಟಿಎಲ್‌ಆರ್4 ಕೆಟ್ಟಿರೋ ಸಿ3ಎಚ್/ಎಚ್‌ಇಜೆ ಇಲಿಯ ಸೆಲ್‌ಗಳಲ್ಲೂ ಎಫೆಕ್ಟ್ ಉಳಿದ್ರೆ ಒಳ್ಳೇ ಸಾಕ್ಷಿ, ಆದ್ರೆ ನಿಮ್ಮ ಪ್ರೋಟೀನೇ ಟಿಎಲ್‌ಆರ್4 ಮೂಲಕ ಕೆಲಸ ಮಾಡತ್ತೆ ಅನ್ನೋದು ನಿಮ್ಮ ವಾದ ಆಗಿದ್ರೆ ಈ ಇಲಿ ಏನೂ ಬಿಡಿಸಿ ಹೇಳಲ್ಲ, ಅದೇ ಪ್ರೋಟೀನ್‌ನ ಮ್ಯಾಮಲ್ ಸೆಲ್‌ಗಳಲ್ಲಿ ಮಾಡಿಸಿ ಮತ್ತೆ ನೋಡೋದೇ ದಾರಿ. ಮನುಷ್ಯರ ಮಾನೋಸೈಟ್‌ಗಳು (ಒಂದು ಥರದ ಬಿಳಿ ರಕ್ತಕಣ) ಪಿಕೋಗ್ರಾಂ ಮಟ್ಟದ ಎಲ್‌ಪಿಎಸ್‌ಗೂ ಎದ್ದು ಕೂರ್ತವೆ ಅನ್ನೋದು ನೆನಪಿರಲಿ. ಆಟೋಕ್ಲೇವ್ ಮಾಡಿದ ಗಾಜಿನ ಸಾಮಾನು ಸ್ಟೆರೈಲ್ ಆಗಿರತ್ತೆ, ಎಲ್‌ಪಿಎಸ್ ಹೋಗಿರಲ್ಲ, ಅದಕ್ಕೆ 250 ಡಿಗ್ರಿ ಒಣ ಶಾಖ ಅರ್ಧ ಗಂಟೆ ಬೇಕು. ಟಿಶ್ಯೂ ಕರಗಿಸೋ ಕೊಲಾಜಿನೇಸ್ ಎನ್ಜೈಮ್‌ನಲ್ಲಿ, ಆಂಟಿಬಾಡಿ ಬಾಟಲಿಯಲ್ಲಿ ಕೂಡ ಇದು ಇರಬಹುದು. ಇಲಿಗೆ ಕೊಡೋ ಆಂಟಿಬಾಡಿ ಮತ್ತೆ ಅದರ ಐಸೊಟೈಪ್ ಕಂಟ್ರೋಲ್ (ಅದೇ ಥರದ, ಆದ್ರೆ ಗುರಿ ಇಲ್ಲದ ಆಂಟಿಬಾಡಿ) ಎರಡನ್ನೂ ಅಳೆದು ನೋಡಿ, ಒಂದರಲ್ಲಿ ಎಲ್‌ಪಿಎಸ್ ಇದ್ದು ಇನ್ನೊಂದರಲ್ಲಿ ಇಲ್ಲ ಅಂದ್ರೆ ನೀವು ಹೋಲಿಸ್ತಿರೋದು ಆಂಟಿಬಾಡಿನ ಅಲ್ಲ. ಸೆಲ್‌ಗೆ ವಿಷ ಆಗೋ ಸೋಡಿಯಂ ಅಜೈಡ್ ಇರೋ ಬಾಟಲಿ ಜೀವಂತ ಸೆಲ್ ಪ್ರಯೋಗಕ್ಕೆ ಬೇಡವೇ ಬೇಡ.

ಇಲಿ ಟ್ಯೂಮರ್‌ನ ತಿರಸ್ಕರಿಸ್ತು, ಆದ್ರೆ ಯಾತಕ್ಕೆ?

ಈ ಫೀಲ್ಡ್ ಹುಟ್ಟಿದ್ದೇ ಒಂದು ಆರ್ಟಿಫ್ಯಾಕ್ಟ್‌ನಿಂದ ಬಿಡಿಸಿಕೊಂಡು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಒಂದು ಇಲಿಯ ಗಡ್ಡೆ ಇನ್ನೊಂದಕ್ಕೆ ಹಾಕಿದ್ರೆ ಅದು ಕರಗಿ ಹೋಗ್ತಿತ್ತು, ಕ್ಯಾನ್ಸರ್‌ಗೆ ಇಮ್ಯುನಿಟಿ ಇದೆ ಅಂತ ಆಸೆ ಹುಟ್ಟಿತ್ತು, ಆದ್ರೆ ಆ ಇಲಿಗಳು ಜೆನೆಟಿಕ್ ಆಗಿ ಬೇರೆ ಬೇರೆ, ಅವು ತಿರಸ್ಕರಿಸ್ತಿದ್ದಿದ್ದು ಕ್ಯಾನ್ಸರ್‌ನ ಅಲ್ಲ, ಪರಕೀಯ ಟಿಶ್ಯೂನ. ಇನ್‌ಬ್ರೆಡ್ (ಜೆನೆಟಿಕ್ ಆಗಿ ಒಂದೇ ಥರದ) ಇಲಿಗಳು ಬಂದು, ಪೀಟರ್ ಗೋರರ್ ಕೆಲಸದಿಂದ ಎಚ್-2 (ಇಲಿಯ ಎಂಎಚ್‌ಸಿ) ಗೊತ್ತಾದ ಮೇಲೆ ಇದು ಸ್ಪಷ್ಟ ಆಯ್ತು. 1957ರಲ್ಲಿ ಪ್ರೆನ್ ಮತ್ತೆ ಮೇನ್ ಮೀಥೈಲ್‌ಕೊಲಾಂತ್ರೀನ್ ಅನ್ನೋ ಕ್ಯಾನ್ಸರ್ ತರೋ ರಾಸಾಯನಿಕದಿಂದ ಬಂದ ಸಾರ್ಕೋಮಾ ಗಡ್ಡೆಗಳಲ್ಲಿ ನಿಜವಾದ ಟ್ಯೂಮರ್ ಇಮ್ಯುನಿಟಿ ತೋರಿಸಿದಾಗ ಅವರು ಹಾಕಿದ ಕಂಟ್ರೋಲ್ ನನಗೆ ಇವತ್ತಿಗೂ ಗುರು: ಟ್ಯೂಮರ್‌ನ ತಿರಸ್ಕರಿಸೋ ಇಲಿಗಳಿಗೆ, ಆ ಟ್ಯೂಮರ್ ಮೊದಲು ಹುಟ್ಟಿದ ಇಲಿಯ ಚರ್ಮನೇ ಕಸಿ ಮಾಡಿದ್ರು, ಚರ್ಮ ಉಳ್ಕೊಳ್ತು. ಇಲಿ ಇಲಿ ನಡುವಿನ ವ್ಯತ್ಯಾಸ ಕಾರಣ ಆಗಿದ್ರೆ ಚರ್ಮನೂ ಉದುರಬೇಕಿತ್ತು. 1960ರಲ್ಲಿ ಜಾರ್ಜ್ ಕ್ಲೈನ್ ಗುಂಪು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಗಡ್ಡೆ ಹುಟ್ಟಿದ ಅದೇ ಇಲಿಯಲ್ಲೇ ಇದನ್ನ ತೋರಿಸ್ತು.

ಈಗ ನಾವು ಎಲ್ರೂ ಸಿನ್‌ಜೀನಿಕ್ (ಗಡ್ಡೆ ಬಂದ ಇಲಿಯಷ್ಟೇ ಜೆನೆಟಿಕ್ ಆಗಿ ಸಮಾನ) ಇಲಿ ಬಳಸ್ತೀವಿ, ಆ ಸಮಸ್ಯೆ ಮುಗೀತು ಅನ್ಕೊಂಡಿದ್ದೀವಿ, ಆದ್ರೆ ಅದೇ ಸಮಸ್ಯೆ ಬೇರೆ ವೇಷದಲ್ಲಿ ಬಂದಿದೆ. ಟ್ಯೂಮರ್ ಟ್ರ್ಯಾಕ್ ಮಾಡೋಕೆ ಹಾಕೋ ಲೂಸಿಫರೇಸ್ ಮಿಂಚುಹುಳದ್ದು, ಜಿಎಫ್‌ಪಿ ಜೆಲ್ಲಿಫಿಶ್‌ದು, ಜೀನ್ ಕತ್ತರಿಸೋ ಕ್ಯಾಸ್9 ಬ್ಯಾಕ್ಟೀರಿಯಾದ್ದು, ಡ್ರಗ್ ಸೆಲೆಕ್ಷನ್ ಜೀನ್‌ಗಳೂ ಪರಕೀಯವೇ. ಇಲಿಯ ಟಿ ಸೆಲ್‌ಗಳು ಅವನ್ನ ಗುರುತು ಹಿಡೀತವೆ, ಎಷ್ಟು ಜೋರಾಗಿ ಅನ್ನೋದು ಸ್ಟ್ರೇನ್ ಮೇಲೆ ಹೋಗತ್ತೆ, ಜಿಎಫ್‌ಪಿ ಬಾಲ್ಬ್/ಸಿ ಅನ್ನೋ ಸ್ಟ್ರೇನ್ ಇಲಿಯಲ್ಲಿ ಚೆನ್ನಾಗೇ ಪ್ರತಿಕ್ರಿಯೆ ಎಬ್ಬಿಸತ್ತೆ. ಜೀನ್ ನಾಕ್‌ಔಟ್ ಮಾಡಿದ (ಕೆಡಿಸಿದ) ಟ್ಯೂಮರ್ ಬೆಳೀಲಿಲ್ಲ, ಆ ಜೀನ್ ಇಮ್ಯೂನ್ ಎಸ್ಕೇಪ್‌ಗೆ (ಇಮ್ಯೂನ್ ಸಿಸ್ಟಮ್‌ನಿಂದ ತಪ್ಪಿಸ್ಕೊಳ್ಳೋಕೆ) ಬೇಕು ಅಂತ ಬರೆಯೋ ಮುಂಚೆ, ಬೆಳೀದೇ ಇದ್ದಿದ್ದು ಕ್ಯಾಸ್9 ಕಾರಣಕ್ಕಾ ನೋಡಿ. ಕಂಟ್ರೋಲ್ ಟ್ಯೂಮರ್‌ನಲ್ಲೂ ಅದೇ ಕ್ಯಾಸ್9, ಗುರಿ ಇಲ್ಲದ ಗೈಡ್ (ಎಲ್ಲಿ ಕತ್ತರಿಸಬೇಕು ಅಂತ ಹೇಳೋ ಆರ್‌ಎನ್‌ಎ) ಇರಲಿ, ಇನ್ನೂ ಒಳ್ಳೇದು ಅಂದ್ರೆ ಕ್ಯಾಸ್9 ಪ್ರೋಟೀನನ್ನೇ ಗೈಡ್ ಜೊತೆ ಸೆಲ್ ಒಳಗೆ ಹಾಕಿ, ಒಂದೆರಡು ದಿನದಲ್ಲಿ ಕರಗಿಹೋಗತ್ತೆ. ಒಂದೇ ಕ್ಲೋನ್ ನಂಬಬೇಡಿ, ಕಂಟ್ರೋಲ್ ಕ್ಲೋನ್‌ಗಳು ಕೂಡ ಒಂದೊಂದು ಒಂದೊಂದು ಸ್ಪೀಡಿನಲ್ಲಿ ಬೆಳೀತವೆ. ಮೂರು ನಾಲ್ಕು ಕ್ಲೋನ್ ಅಥವಾ ಪೂಲ್ ಬಳಸಿ, ಜೀನ್ ವಾಪಸ್ ಹಾಕಿ ಎಫೆಕ್ಟ್ ತಿರುಗತ್ತಾ ನೋಡಿ, ಟಿ ಸೆಲ್ ಇಲ್ಲದ ಇಲಿಯಲ್ಲಿ ಎರಡೂ ಟ್ಯೂಮರ್ ಒಂದೇ ಥರ ಬೆಳೀತವಾ ನೋಡಿ.

ಗಂಡು ಇಲಿಯಿಂದ ಬಂದ ಸೆಲ್ ಲೈನ್‌ನ ಹೆಣ್ಣು ಇಲಿಗೆ ಹಾಕಿದ್ರೆ ವೈ ಕ್ರೋಮೋಸೋಮ್‌ನ ಎಚ್-ವೈ ಆಂಟಿಜೆನ್‌ಗೇ ರಿಜೆಕ್ಷನ್ ಆಗಬಹುದು, ಬಿ6 ಸ್ಟ್ರೇನ್‌ನ ಹೆಣ್ಣು ಇಲಿಗಳು ಗಂಡಿನ ಚರ್ಮ ಉದುರಿಸೋದು ಹಳೇ ವಿಷಯ. ಬಿ6/ಜೆ ಮತ್ತೆ ಬಿ6/ಎನ್ ಒಂದೇ ಅಲ್ಲ, ಜೆ ಇಲಿಯಲ್ಲಿ ಎನ್‌ಎನ್‌ಟಿ ಅನ್ನೋ, ಮೈಟೊಕಾಂಡ್ರಿಯಾದ ಪ್ರೋಟೀನ್ ಮಾಡೋ ಜೀನ್ ಕೆಟ್ಟಿದೆ, ಹಾಗಾಗಿ ನಾಕ್‌ಔಟ್ ಒಂದರದ್ದು, ಕಂಟ್ರೋಲ್ ಇನ್ನೊಂದರದ್ದು ಆದ್ರೆ ಕಷ್ಟ. ಸಿಟಿ26 ಅನ್ನೋ ಇಲಿಯ ಕರುಳಿನ ಟ್ಯೂಮರ್‌ನಲ್ಲಿ ಟಿ ಸೆಲ್‌ಗಳ ಮುಖ್ಯ ಗುರಿ ಎಎಚ್1, ಅದು ಇಲಿಯ ಜೀನೋಮ್‌ನಲ್ಲೇ ಇರೋ ರೆಟ್ರೊವೈರಸ್‌ನ ಜಿಪಿ70 ಪ್ರೋಟೀನ್‌ನ ತುಂಡು, ಅಲ್ಲಿ ಗೆದ್ದ ವ್ಯಾಕ್ಸೀನ್ ಮನುಷ್ಯರ ಕರುಳಿನ ಕ್ಯಾನ್ಸರ್‌ಗೂ ಹಾಗೇ ಕೆಲಸ ಮಾಡತ್ತೆ ಅನ್ನೋಕೆ ಆಗಲ್ಲ. ಆಮೇಲೆ ಸೀರಮ್ ವಿಷಯ: ಸೆಲ್‌ಗಳನ್ನ ಕರುವಿನ ಸೀರಮ್‌ನಲ್ಲಿ ಬೆಳೆಸ್ತೀವಿ, ಅದರ ಪ್ರೋಟೀನ್ ಸೆಲ್‌ಗೆ ಅಂಟ್ಕೊಂಡೇ ಇಲಿ ಒಳಗೆ ಹೋಗತ್ತೆ, ಡೆಂಡ್ರಿಟಿಕ್ ಸೆಲ್ ವ್ಯಾಕ್ಸೀನ್ ಮಾಡೋವಾಗಂತೂ ಸಿಡಿ4 ಟಿ ಸೆಲ್‌ಗಳ (ಬೇರೆ ಇಮ್ಯೂನ್ ಸೆಲ್‌ಗೆ ಸಹಾಯ ಮಾಡೋ ಟಿ ಸೆಲ್) ಪ್ರತಿಕ್ರಿಯೆಯ ದೊಡ್ಡ ಪಾಲು ಆ ಸೀರಮ್ ವಿರುದ್ಧವೇ ಇರಬಹುದು. ವ್ಯಾಕ್ಸೀನ್ ಕೊಟ್ಟ ಇಲಿಯ ಸ್ಪ್ಲೀನ್ ಸೆಲ್‌ಗಳಿಗೆ ಬರೀ ಸೀರಮ್ ಹಾಕಿ ಐಎಫ್‌ಎನ್-ಗಾಮಾ (ಎದ್ದ ಟಿ ಸೆಲ್ ಬಿಡೋ ಸೈಟೊಕೈನ್) ನೋಡಿ, ಒಂದೇ ದಿನದ ಕೆಲಸ. ಇಂಜೆಕ್ಷನ್ ದಿನ ಸತ್ತ ಸೆಲ್ ಶೇಕಡಾ ಎಷ್ಟು ಅಂತ ಎರಡೂ ಗುಂಪಿಗೆ ಬರೆದಿಡಿ, ಸತ್ತ ಸೆಲ್ ಜಾಸ್ತಿ ಇದ್ರೆ ಅದು ತಾನೇ ಒಂದು ವ್ಯಾಕ್ಸೀನ್ ಥರ.

ಪಂಜರ, ಹೊಟ್ಟೆ, ಚಳಿ

ಒಂದು ಪಂಜರದ ಇಲಿಗಳೆಲ್ಲ ಕಂಟ್ರೋಲ್, ಇನ್ನೊಂದು ಪಂಜರದವೆಲ್ಲ ಟ್ರೀಟ್‌ಮೆಂಟ್, ಹೀಗೆ ಮಾಡೋದು ಕೈಗೆ ಸುಲಭ, ಆದ್ರೆ ಇದು ಪ್ರಯೋಗವನ್ನೇ ಹಾಳು ಮಾಡತ್ತೆ. ಇಲಿಗಳು ಒಂದರ ಹಿಕ್ಕೆ ಇನ್ನೊಂದು ತಿನ್ನುತ್ವೆ, ಒಂದು ಪಂಜರದವಕ್ಕೆ ಒಂದೇ ಥರದ ಕರುಳಿನ ಬ್ಯಾಕ್ಟೀರಿಯಾ ಬರತ್ತೆ. 2015ರಲ್ಲಿ ಬಂದ ಕೆಲಸದಲ್ಲಿ ಜಾಕ್ಸನ್ ಮತ್ತೆ ಟ್ಯಾಕೊನಿಕ್ ಎರಡು ಕಡೆಯಿಂದ ತಂದ ಬಿ6 ಇಲಿಗಳಲ್ಲಿ ಬಿ16 ಮೆಲನೋಮಾ ಬೇರೆ ಬೇರೆ ವೇಗದಲ್ಲಿ ಬೆಳೀತು, ಎರಡನ್ನೂ ಒಟ್ಟಿಗೆ ಸಾಕಿದ್ರೆ ವ್ಯತ್ಯಾಸ ಮಾಯ, ಕಾರಣದ ಒಂದು ಭಾಗ ಬೈಫಿಡೊಬ್ಯಾಕ್ಟೀರಿಯಂ. ನಾಕ್‌ಔಟ್ ಇಲಿ ನಿಮ್ಮಲ್ಲೇ ಹುಟ್ಟಿದ್ದು, ವೈಲ್ಡ್ ಟೈಪ್ ಹೊರಗಿಂದ ಕೊಂಡಿದ್ದು ಅಂದ್ರೆ ನೀವು ಹೋಲಿಸ್ತಿರೋದು ಎರಡು ಹೊಟ್ಟೆಗಳನ್ನ. ಒಂದೇ ಸೂಲಿನ ಅಣ್ಣತಮ್ಮ ಇಲಿಗಳನ್ನ ಬಳಸಿ, ಪ್ರತಿ ಪಂಜರದಲ್ಲೂ ಎರಡೂ ಗುಂಪು ಇರಲಿ.

ತಾಪಮಾನ ಕೂಡ. ಇಲಿಮನೆ ಸಾಮಾನ್ಯವಾಗಿ 22 ಡಿಗ್ರಿ ಇರತ್ತೆ, ಅದು ನಮಗೆ ಹಿತ, ಇಲಿಗೆ ಚಳಿ. 2013ರಲ್ಲಿ ತೋರಿಸಿದ ಪ್ರಕಾರ 30 ಡಿಗ್ರಿ ಹತ್ರ ಇಟ್ಟ ಇಲಿಗಳಲ್ಲಿ ಟ್ಯೂಮರ್ ನಿಧಾನ ಬೆಳೀತು, ಅದಕ್ಕೆ ಸಿಡಿ8 ಟಿ ಸೆಲ್ (ಗುರಿ ಸೆಲ್‌ನ ನೇರವಾಗಿ ಕೊಲ್ಲೋ ಟಿ ಸೆಲ್) ಬೇಕಿತ್ತು. ಎಸಿ ಗಾಳಿ ಬೀಸೋ ಮೇಲಿನ ರ‍್ಯಾಕ್‌ನಲ್ಲಿ ಒಂದು ಗುಂಪು ಕೆಳಗೆ ಇನ್ನೊಂದು ಇಡ್ಬೇಡಿ.

ರ‍್ಯಾಂಡಮೈಸ್ ಮಾಡೋದು ಟ್ರೀಟ್‌ಮೆಂಟ್ ಶುರು ಮಾಡೋ ದಿನ, ಗಡ್ಡೆ ಅಳೆದು, ಎರಡೂ ಗುಂಪಿನ ಸರಾಸರಿ ಸೈಜ್ ಒಂದೇ ಇರೋ ಥರ. ಕ್ಯಾಲಿಪರ್ ಹಿಡಿಯೋರಿಗೆ ಯಾವುದು ಯಾವ ಗುಂಪು ಗೊತ್ತಿರಬಾರದು, ಮೆತ್ತಗಿರೋ ಗಡ್ಡೆನ ಒತ್ತಿ ಅಳೆದ್ರೆ ಒಂದು ಮಿಲಿಮೀಟರ್ ಆಕಡೆ ಈಕಡೆ ಆಗೋದು ಕೈಯಲ್ಲೇ ಇದೆ, ಮನಸ್ಸು ಬಯಸಿದ ಕಡೆಗೆ ಕೈ ವಾಲತ್ತೆ. 2021ರಲ್ಲಿ ಮುಗಿದ ಕ್ಯಾನ್ಸರ್ ಬಯಾಲಜಿಯ ರೀಪ್ರೊಡ್ಯೂಸಿಬಿಲಿಟಿ ಪ್ರಾಜೆಕ್ಟ್ 23 ಪೇಪರ್‌ಗಳ 50 ಪ್ರಯೋಗ ಮತ್ತೆ ಮಾಡಿ ನೋಡಿದಾಗ ಎಫೆಕ್ಟ್‌ನ ಗಾತ್ರ ಮೀಡಿಯನ್ ಲೆಕ್ಕದಲ್ಲಿ ಮೂಲಕ್ಕಿಂತ ಶೇಕಡಾ 85 ಚಿಕ್ಕದಿತ್ತು. ನನಗೆ ಇದು ಓದಿದಾಗ ನಿದ್ದೆ ಬಂದಿರಲಿಲ್ಲ, ಯಾಕಂದ್ರೆ ಆ ಪೇಪರ್ ನಂಬಿ ರೋಗಿಗಳಿಗೆ ಔಷಧ ಕೊಡೋ ಯೋಚನೆ ಮಾಡೋದು.

ಗಡ್ಡೆ ತೆಗೆಯೋದು, ಒಡೆಯೋದು, ಎಣಿಸೋದು

ಪಕ್ಕೆಯ ಚರ್ಮದ ಕೆಳಗಿನ ಟ್ಯೂಮರ್ ತೆಗೆಯೋವಾಗ ಅದರ ಜೊತೆ ಇಂಗ್ವಿನಲ್ ಲಿಂಫ್ ನೋಡ್ (ತೊಡೆಸಂದಿನ ಹತ್ರದ, ಇಮ್ಯೂನ್ ಸೆಲ್ ತುಂಬಿರೋ ಗ್ರಂಥಿ) ಸೇರ್ಕೊಂಡು ಬಂದುಬಿಡತ್ತೆ, ಸಣ್ಣ ಗಡ್ಡೆ ಇದ್ದಾಗ ಅದರೊಳಗೆ ಮುಳುಗೇ ಹೋಗಿರತ್ತೆ. ಒಂದು ನೋಡ್‌ನಲ್ಲಿ ಇರೋ ಟಿ ಸೆಲ್ ಮುಂದೆ ಗಡ್ಡೆಯ ಟಿ ಸೆಲ್ ಏನೇನೂ ಅಲ್ಲ. ಟ್ರೀಟ್‌ಮೆಂಟ್ ಗುಂಪಿನಲ್ಲಿ ಗಡ್ಡೆ ಸಣ್ಣ, ನೋಡ್ ಸೇರೋ ಸಾಧ್ಯತೆ ಜಾಸ್ತಿ, ಆಗ ಔಷಧ ಕೊಟ್ರೆ ಟಿ ಸೆಲ್ ನುಗ್ಗಿ ಬಂತು ಅಂತ ಗ್ರಾಫ್ ಹೇಳತ್ತೆ. ನಿಮ್ಮ ಟ್ಯೂಮರ್ ಸ್ಯಾಂಪಲ್‌ನಲ್ಲಿ ಸಿಡಿ44 ಕಮ್ಮಿ ಸಿಡಿ62ಎಲ್ ಜಾಸ್ತಿ ಇರೋ ನೈವ್ (ಇನ್ನೂ ಆಂಟಿಜೆನ್ ಕಾಣದ) ಟಿ ಸೆಲ್‌ಗಳು ರಾಶಿ ಇದ್ರೆ, ನೈವ್ ಬಿ ಸೆಲ್‌ಗಳು ತುಂಬಿದ್ರೆ, ಮೊದಲು ಅನುಮಾನ ಪಡಬೇಕಾದ್ದು ನೋಡ್ ಮೇಲೆ.

ರಕ್ತನೂ ಹಾಗೇ. ಲಂಗ್ ಮೆಟಾಸ್ಟಾಸಿಸ್ ಪ್ರಯೋಗದಲ್ಲಿ ಲಂಗ್ ಒಡೆದಾಗ ಸಿಗೋ ಟಿ ಸೆಲ್‌ಗಳಲ್ಲಿ ಹೆಚ್ಚಿನವು ರಕ್ತನಾಳದ ಒಳಗೇ ಇದ್ದವು ಆಗಿರಬಹುದು, ಸಲೈನ್ ಹಾಯಿಸಿ ತೊಳೆದ್ರೂ ಪೂರ್ತಿ ಹೋಗಲ್ಲ. ಇಲಿ ಕೊಲ್ಲೋ ಮೂರು ನಿಮಿಷ ಮುಂಚೆ ರಕ್ತಕ್ಕೆ ಫ್ಲೋರೊಸೆಂಟ್ ಸಿಡಿ45 ಆಂಟಿಬಾಡಿ (ಎಲ್ಲ ಬಿಳಿ ರಕ್ತಕಣಗಳಿಗೂ ಅಂಟೋದು) ಕೊಡಿ, ಬಣ್ಣ ಹತ್ತಿದ್ದು ರಕ್ತದ್ದು, ಹತ್ತದೇ ಇದ್ದಿದ್ದು ಟಿಶ್ಯೂದು. ಇಷ್ಟು ಸುಲಭದ ಕಂಟ್ರೋಲ್ ಯಾಕೆ ಎಲ್ರೂ ಮಾಡಲ್ಲ ಅಂತ ನನಗೆ ಬೇಜಾರು.

ಎನ್ಜೈಮ್ ಹಾಕಿ ಗಡ್ಡೆ ಕರಗಿಸೋವಾಗ ಸೆಲ್ ಮೇಲಿರೋ ಮಾರ್ಕರ್‌ಗಳೂ ಕತ್ತರಿಸಿ ಹೋಗ್ತವೆ, ಡಿಸ್ಪೇಸ್ ಇದರಲ್ಲಿ ಕುಖ್ಯಾತ. ಸ್ಪ್ಲೀನ್ ಎನ್ಜೈಮ್ ಇಲ್ಲದೆ ಒಡೆದು, ಟ್ಯೂಮರ್ ಎನ್ಜೈಮ್‌ನಲ್ಲಿ ಒಡೆದು, ಟ್ಯೂಮರ್ ಟಿ ಸೆಲ್‌ನಲ್ಲಿ ಆ ರಿಸೆಪ್ಟರ್ ಕಡಿಮೆ ಅಂದ್ರೆ ಏನೂ ಹೇಳ್ದಂಗಾಗಲ್ಲ. ಸ್ಪ್ಲೀನ್ ಎರಡು ಭಾಗ ಮಾಡಿ, ಒಂದು ಅರ್ಧಕ್ಕೆ ಟ್ಯೂಮರ್‌ಗೆ ಹಾಕಿದಷ್ಟೇ ಎನ್ಜೈಮ್ ಅಷ್ಟೇ ಹೊತ್ತು ಹಾಕಿ ಹೋಲಿಸಿ. ಸಿಂಗಲ್ ಸೆಲ್ ಆರ್‌ಎನ್‌ಎ ಮಾಡೋರು 37 ಡಿಗ್ರಿಯಲ್ಲಿ ಒಂದು ಗಂಟೆ ಕರಗಿಸಿದ್ರೆ ಫಾಸ್, ಜುನ್, ಹೀಟ್ ಶಾಕ್ ಜೀನ್‌ಗಳು ಆ ಒಂದು ಗಂಟೆಯಲ್ಲೇ ಏಳ್ತವೆ, ಆಮೇಲೆ ಅದನ್ನ ಹೊಸ ಆಕ್ಟಿವೇಟೆಡ್ ಕ್ಲಸ್ಟರ್ ಅಂತ ಹೆಸರಿಟ್ಟುಬಿಡ್ತೀವಿ. ನ್ಯೂಟ್ರೊಫಿಲ್‌ಗಳು (ಇನ್ನೊಂದು ಥರದ ಬಿಳಿ ರಕ್ತಕಣ) ಫ್ರೀಜ್ ಮಾಡಿ ತೆಗೆದ್ರೆ ಉಳಿಯಲ್ಲ, ಹಾಗಾಗಿ ಡೇಟಾದಲ್ಲಿ ಇಲ್ಲ ಅಂದ್ರೆ ಗಡ್ಡೆಯಲ್ಲಿ ಇಲ್ಲ ಅಂತಲ್ಲ.

ಶೇಕಡಾವಾರು ಲೆಕ್ಕ ಇನ್ನೊಂದು ಮೋಸ. ಸಿಡಿ45 ಇರೋ ಸೆಲ್‌ಗಳಲ್ಲಿ ಶೇಕಡಾ 20 ಇದ್ದ ಸಿಡಿ8, ಔಷಧ ಕೊಟ್ಮೇಲೆ 40 ಆಯ್ತು ಅಂದ್ರೆ ಸಿಡಿ8 ಜಾಸ್ತಿ ಆಯ್ತು ಅಂತಾನೇ ಅಲ್ಲ, ಮ್ಯಾಕ್ರೊಫೇಜ್‌ಗಳು ಸತ್ತಿರಬಹುದು. ಕೌಂಟಿಂಗ್ ಬೀಡ್ ಹಾಕಿ ಗ್ರಾಂ ಟಿಶ್ಯೂಗೆ ಎಷ್ಟು ಸೆಲ್ ಅಂತ ಲೆಕ್ಕ ಹಾಕಿ. ಅದೂ ಸಾಲಲ್ಲ, ಯಾಕಂದ್ರೆ ಟ್ಯೂಮರ್ ಸೆಲ್ ಸತ್ತು ಗಡ್ಡೆ ಅರ್ಧ ಆದ್ರೆ ಒಂದೂ ಹೊಸ ಟಿ ಸೆಲ್ ಬರದೇನೇ ಗ್ರಾಂ ಲೆಕ್ಕ ಡಬಲ್ ಆಗತ್ತೆ. ಅದಕ್ಕೆ ಗಡ್ಡೆ ಸೈಜ್ ಬೇರೆ ಆಗೋಕೆ ಮುಂಚಿನ ದಿನವೇ ತೆಗೆದು ನೋಡಿ, ಇಲ್ಲಾ ಎರಡೂ ಗುಂಪಿಂದ ಒಂದೇ ಸೈಜಿನವು ಆರಿಸಿ, ಗಡ್ಡೆಗೆ ಒಟ್ಟು ಎಷ್ಟು ಅನ್ನೋ ಲೆಕ್ಕನೂ ಪಕ್ಕದಲ್ಲಿ ಕೊಡಿ.

ಫ್ಲೋ ಸೈಟೋಮೀಟರ್ ಮುಂದೆ

ಬಣ್ಣದ ಆಂಟಿಬಾಡಿ ಹತ್ತಿಸಿದ ಸೆಲ್‌ಗಳನ್ನ ಒಂದೊಂದಾಗಿ ಎಣಿಸೋ ಯಂತ್ರ ಇದು. ಸತ್ತ ಸೆಲ್ ಎಲ್ಲ ಆಂಟಿಬಾಡಿನೂ ಅಂಟಿಸ್ಕೊಳ್ಳತ್ತೆ, ವಯಬಿಲಿಟಿ ಡೈ ಇಲ್ಲದ ಟ್ಯೂಮರ್ ಡೇಟಾ ನಾನಂತೂ ನೋಡಲ್ಲ. ಮೈಲಾಯ್ಡ್ ಸೆಲ್‌ಗಳ (ಮ್ಯಾಕ್ರೊಫೇಜ್, ನ್ಯೂಟ್ರೊಫಿಲ್ ಇರೋ ಬಳಗ) ಮೇಲಿರೋ ಎಫ್‌ಸಿ ರಿಸೆಪ್ಟರ್ ಆಂಟಿಬಾಡಿಯ ಬಾಲ ಹಿಡ್ಕೊಳ್ಳತ್ತೆ, ಅದಕ್ಕೆ ಎಫ್‌ಸಿ ಬ್ಲಾಕ್. ಎರಡು ಸೆಲ್ ಅಂಟ್ಕೊಂಡು ಹೋದ್ರೆ ಸಿಡಿ3 (ಟಿ ಸೆಲ್ ಗುರುತು) ಮತ್ತೆ ಸಿಡಿ11ಬಿ (ಮೈಲಾಯ್ಡ್ ಗುರುತು) ಎರಡೂ ಇರೋ ಹೊಸ ಜಾತಿಯ ಸೆಲ್ ಹುಟ್ಟತ್ತೆ, ಏರಿಯಾ ಮತ್ತೆ ಹೈಟ್ ಹೋಲಿಸಿ ಡಬ್ಲೆಟ್ ತೆಗೀರಿ, ಹೊಸ ಜಾತಿ ಸಿಕ್ತು ಅನ್ಸಿದ್ರೆ ಮೈಕ್ರೋಸ್ಕೋಪ್ ಕೆಳಗೆ ಅದು ಒಂದೇ ಸೆಲ್ ಅಂತ ಕಣ್ಣಾರೆ ನೋಡಿ. ಮ್ಯಾಕ್ರೊಫೇಜ್‌ಗಳು ತಾವೇ ಹೊಳೀತವೆ. ಟ್ಯಾಂಡೆಮ್ ಡೈಗಳು (ಎರಡು ಬಣ್ಣ ಜೋಡಿಸಿದವು) ಬೆಳಕಿಗೆ, ಫಿಕ್ಸೆಟಿವ್‌ಗೆ ಒಡೀತವೆ: ಸಿಡಿ8 ಪಿಇ-ಸೈ7ನಲ್ಲಿ, ಪಿಡಿ-1 (ಟಿ ಸೆಲ್‌ಗೆ ಬ್ರೇಕ್ ಹಾಕೋ ರಿಸೆಪ್ಟರ್) ಪಿಇನಲ್ಲಿ ಇಟ್ಟಿದ್ರೆ, ಪಿಇ-ಸೈ7 ಒಡೆದ ದಿನ ಸಿಡಿ8 ಸೆಲ್‌ಗಳೆಲ್ಲ ಪಿಡಿ-1 ಪಾಸಿಟಿವ್! ಗೇಟ್ ಎಲ್ಲಿ ಹಾಕ್ಬೇಕು ಅನ್ನೋದಕ್ಕೆ ಆ ಒಂದು ಬಣ್ಣ ಬಿಟ್ಟು ಉಳಿದೆಲ್ಲ ಇರೋ ಎಫ್‌ಎಂಒ ಕಂಟ್ರೋಲ್ ಬೇಕು.

ಮಾರ್ಕರ್‌ನ ಅರ್ಥವೂ ಜಾರತ್ತೆ. ಮನುಷ್ಯರ ಸಾಮಾನ್ಯ ಟಿ ಸೆಲ್ ಆಕ್ಟಿವೇಟ್ ಆದಾಗ ಸ್ವಲ್ಪ ಕಾಲ ಫಾಕ್ಸ್‌ಪಿ3 ತೋರಿಸತ್ತೆ, ಹಾಗಂತ ಅದು ಟಿರೆಗ್ (ಬೇರೆ ಟಿ ಸೆಲ್‌ಗಳನ್ನ ತಡೆಯೋ ಟಿ ಸೆಲ್) ಅಲ್ಲ. ಪಿಡಿ-1 ಇದ್ದ ಮಾತ್ರಕ್ಕೆ ಎಕ್ಸಾಸ್ಟೆಡ್ (ದಣಿದು ಕೆಲಸ ನಿಲ್ಲಿಸಿದ ಟಿ ಸೆಲ್) ಅಲ್ಲ, ಈಗಷ್ಟೇ ಎದ್ದ ಸೆಲ್‌ನಲ್ಲೂ ಅದು ಇರತ್ತೆ. ಪಿಎಂಎ ಅನ್ನೋ ರಾಸಾಯನಿಕ ಹಾಕಿ ಸ್ಟಿಮ್ಯುಲೇಟ್ ಮಾಡಿದ್ರೆ ಮೇಲಿದ್ದ ಸಿಡಿ4 ಪ್ರೋಟೀನ್ ಸೆಲ್ ಒಳಕ್ಕೆ ಹೋಗಿಬಿಡತ್ತೆ, ಸಿಡಿ4 ಸೆಲ್ ಕಾಣೆ ಆಯ್ತು ಅಂತ ಗಾಬರಿ ಬೇಡ.

ಸೆಲ್ ತೆಗೆದ್ವಿ ಅನ್ನೋ ಆಂಟಿಬಾಡಿ

ಆಂಟಿಬಾಡಿ ಕೊಟ್ಟು ಸಿಡಿ8 ಸೆಲ್‌ಗಳನ್ನ ಡಿಪ್ಲೀಟ್ (ಖಾಲಿ) ಮಾಡಿದ್ರೆ ಔಷಧ ಕೆಲಸ ಮಾಡ್ಲಿಲ್ಲ, ಹಾಗಾಗಿ ಸಿಡಿ8 ಟಿ ಸೆಲ್ ಬೇಕು. ಎಲ್ಲ ಪೇಪರ್‌ನಲ್ಲೂ ಇರೋ ಸಾಲು. ಆದ್ರೆ ಸಿಡಿ8 ಆಲ್ಫಾ ಆಂಟಿಬಾಡಿ ಲಿಂಫಾಯ್ಡ್ ಅಂಗಗಳ ಸಿಡಿ8 ಆಲ್ಫಾ ಇರೋ ಡೆಂಡ್ರಿಟಿಕ್ ಸೆಲ್‌ಗಳನ್ನೂ ಹೊಡೆಯತ್ತೆ, ಆಂಟಿಜೆನ್ ತೋರಿಸೋರನ್ನೇ ಕಳ್ಕೊಂಡ್ರೆ ಫಲಿತಾಂಶ ಒಂದೇ ಥರ ಕಾಣತ್ತೆ, ಸಿಡಿ8 ಬೀಟಾ ಆಂಟಿಬಾಡಿ ಬಳಸಿದ್ರೆ ಈ ಗೊಂದಲ ಇಲ್ಲ. ಜಿಆರ್-1 ಅಂತ ಕರೆಯೋ ಆರ್‌ಬಿ6-8ಸಿ5 ಆಂಟಿಬಾಡಿ ಎಲ್‌ವೈ6ಜಿ (ನ್ಯೂಟ್ರೊಫಿಲ್ ಗುರುತು), ಎಲ್‌ವೈ6ಸಿ (ಮಾನೋಸೈಟ್‌ನಲ್ಲೂ ಇರೋದು) ಎರಡನ್ನೂ ಹಿಡಿಯತ್ತೆ, ನ್ಯೂಟ್ರೊಫಿಲ್ ಮಾತ್ರ ತೆಗೆದ್ವಿ ಅನ್ನೋಕಾಗಲ್ಲ. ಏಶಿಯಾಲೊ ಜಿಎಂ1 ಆಂಟಿಬಾಡಿ ಎನ್‌ಕೆ (ನ್ಯಾಚುರಲ್ ಕಿಲ್ಲರ್) ಸೆಲ್ ಜೊತೆ ಬೇರೆಯವರನ್ನೂ ಹೊಡೆಯತ್ತೆ, ಎನ್‌ಕೆ ತೆಗೆಯೋ ಪಿಕೆ136 ಬಾಲ್ಬ್/ಸಿ ಇಲಿಯಲ್ಲಿ ಕೆಲಸವೇ ಮಾಡಲ್ಲ.

ಅದಕ್ಕಿಂತ ದೊಡ್ಡ ಸಮಸ್ಯೆ ಮುಚ್ಚಿಕೊಳ್ಳೋದು. ಇಲಿಗೆ ಕೊಟ್ಟ ಆಂಟಿಬಾಡಿ ಸೆಲ್ ಮೇಲೆ ಕೂತಿರತ್ತೆ, ಅದೇ ಕ್ಲೋನ್‌ನಿಂದ ಸ್ಟೈನ್ ಮಾಡಿದ್ರೆ ಜಾಗ ಖಾಲಿ ಇಲ್ಲದೆ ಬಣ್ಣ ಹತ್ತಲ್ಲ, ಸೆಲ್ ಸತ್ತಿಲ್ಲ ಮುಸುಕು ಹಾಕ್ಕೊಂಡಿದೆ ಅಷ್ಟೇ. ಟಿರೆಗ್ ತೆಗೆಯೋಕೆ ಪಿಸಿ61 ಆಂಟಿಬಾಡಿ ಕೊಟ್ಟು ಸಿಡಿ25 ನೋಡೋರು 7ಡಿ4 ಕ್ಲೋನ್ ಬಳಸಿ ಜೊತೆಗೆ ಫಾಕ್ಸ್‌ಪಿ3 ನೋಡಿ. ಎಲ್‌ವೈ6ಜಿಗೆ 1ಎ8 ಆಂಟಿಬಾಡಿ ಕೊಟ್ಟಿದ್ರೆ ರ‍್ಯಾಟ್ ಆಂಟಿಬಾಡಿ ಹಿಡಿಯೋ ಸೆಕೆಂಡರಿ ಹಾಕಿ ಇಲ್ಲಾ ಸೆಲ್ ಒಳಗಿನ ಎಲ್‌ವೈ6ಜಿ ಸ್ಟೈನ್ ಮಾಡಿ. ಡಿಪ್ಲೀಶನ್ ರಕ್ತದಲ್ಲಿ ಮಾತ್ರ ಅಲ್ಲ, ಗಡ್ಡೆ ಒಳಗೂ ಆಗಿದೆಯಾ ತೋರಿಸಿ. ಟಿ ಸೆಲ್‌ಗೆ ಬ್ರೇಕ್ ಹಾಕೋ ಸಿಟಿಎಲ್‌ಎ-4 ವಿರುದ್ಧ ಇಲಿಗೆ ಕೊಡೋ ಆಂಟಿಬಾಡಿ ವಿಷಯದಲ್ಲಿ ಉಲ್ಟಾ ಪಾಠ ಇದೆ: ಬ್ಲಾಕ್ ಮಾಡತ್ತೆ ಅಂತ ತಿಳ್ಕೊಂಡಿದ್ವಿ, ಅದು ಎಫ್‌ಸಿ ಬಾಲದ ಮೂಲಕ ಗಡ್ಡೆ ಒಳಗಿನ ಟಿರೆಗ್‌ಗಳನ್ನ ಕೊಲ್ಲೋದೂ ಇಲಿಯಲ್ಲಿ ಅದರ ಯಶಸ್ಸಿಗೆ ಮುಖ್ಯ ಕಾರಣ ಅಂತ 2013ರಲ್ಲಿ ಗೊತ್ತಾಯ್ತು.

ಡಿಶ್‌ನಲ್ಲಿ ಕೊಲ್ಲೋದು, ತಡೆಯೋದು

ಕಿಲ್ಲಿಂಗ್ ಅಸ್ಸೇಲಿ ನೀವು ಅಳೀತಿರೋದು ನಿಜಕ್ಕೂ ಸಾವಾ? ಎಂಟಿಟಿ ಟೆಸ್ಟ್ ಮೆಟಾಬಾಲಿಸಂ ಅಳೆಯತ್ತೆ, ಐಎಫ್‌ಎನ್-ಗಾಮಾ ಟ್ಯೂಮರ್ ಸೆಲ್‌ನ ಡಿವೈಡ್ ಆಗದಂತೆ ನಿಲ್ಲಿಸಿದ್ರೂ ಕಮ್ಮಿ ಬರತ್ತೆ, ಟಿ ಸೆಲ್‌ಗಳೂ ಅದೇ ವೆಲ್‌ನಲ್ಲಿದ್ದು ತಮ್ಮ ಪಾಲು ಸೇರಿಸ್ತವೆ. ಒಡೆದ ಸೆಲ್‌ನಿಂದ ಸೋರೋ ಎಲ್‌ಡಿಎಚ್ ಎನ್ಜೈಮ್ ಸಾಯೋ ಟಿ ಸೆಲ್‌ನಿಂದಲೂ ಬರತ್ತೆ. ಲೂಸಿಫರೇಸ್ ಬೆಳಕಿಗೆ ಎಟಿಪಿ ಮತ್ತೆ ಆಕ್ಸಿಜನ್ ಎರಡೂ ಬೇಕು, ಇಲಿಯಲ್ಲಿ ಆಕ್ಸಿಜನ್ ಕಮ್ಮಿ ಇರೋ ದೊಡ್ಡ ಗಡ್ಡೆ ಮಂಕಾಗಿ ಕಾಣಬಹುದು. ಟ್ಯೂಮರ್‌ಗೆ ಗುರುತು ಹಾಕಿ ಜೀವಂತ ಸೆಲ್ ಎಷ್ಟು ಉಳಿದ್ವು ಅಂತ ಎಣಿಸೋದೇ ನನಗೆ ಇಷ್ಟ, ಜೊತೆಗೆ ಆ ಆಂಟಿಜೆನ್ ಇಲ್ಲದ ಟ್ಯೂಮರ್ ಸೆಲ್ ಅದೇ ವೆಲ್‌ನಲ್ಲಿ ಬೆರೆಸಿ, ಅದೂ ಸತ್ರೆ ಅದು ಸ್ಪೆಸಿಫಿಕ್ ಅಲ್ಲ.

ಎಂಡಿಎಸ್‌ಸಿ (ಟಿ ಸೆಲ್‌ನ ತಡೆಯೋ ಮೈಲಾಯ್ಡ್ ಸೆಲ್) ಸಪ್ರೆಶನ್ ಪ್ರಯೋಗದಲ್ಲಿ ಟಿ ಸೆಲ್ ಜೊತೆ ಸಮಸಮ ಮೈಲಾಯ್ಡ್ ಸೆಲ್ ತುಂಬಿದ್ರೆ ಗುಂಪು ಜಾಸ್ತಿ ಆಗಿ, ಗ್ಲೂಕೋಸ್ ಖಾಲಿ ಆಗಿ, ನ್ಯೂಟ್ರೊಫಿಲ್ ಸತ್ತು ಒಡೆದು ಟಿ ಸೆಲ್ ನಿಲ್ಲತ್ತೆ. ಅಷ್ಟೇ ಸಂಖ್ಯೆಯ, ಟ್ಯೂಮರ್ ಇಲ್ಲದ ಇಲಿಯ ಮೈಲಾಯ್ಡ್ ಸೆಲ್ ಹಾಕಿದ ವೆಲ್ ಪಕ್ಕದಲ್ಲಿರಲೇಬೇಕು. ರೋಗಿಗಳ ರಕ್ತ ಆಗಿದ್ರೆ, ತೆಗೆದು ಎಷ್ಟು ಗಂಟೆ ಆಗಿತ್ತು ಅನ್ನೋದು ನೋಡಿ: ಒಂದು ದಿನ ಇಟ್ಟ ರಕ್ತದಲ್ಲಿ ಗ್ರ್ಯಾನ್ಯುಲೊಸೈಟ್‌ಗಳು (ನ್ಯೂಟ್ರೊಫಿಲ್ ಥರದವು) ಹಗುರ ಆಗಿ ಪಿಬಿಎಂಸಿ (ರಕ್ತದಿಂದ ಬೇರ್ಪಡಿಸಿದ ಟಿ ಸೆಲ್, ಮಾನೋಸೈಟ್ ಥರದ ಸೆಲ್‌ಗಳು) ಪದರಕ್ಕೆ ಸೇರ್ಕೊಳ್ತವೆ, ಟಿ ಸೆಲ್‌ನ ತಡೀತವೆ. ರೋಗಿಗಳ ರಕ್ತ ದೂರದ ಆಸ್ಪತ್ರೆಯಿಂದ ರಾತ್ರಿ ಪೂರ್ತಿ ಪ್ರಯಾಣ ಮಾಡಿ ಬಂದು, ಆರೋಗ್ಯವಂತರದ್ದು ಲ್ಯಾಬ್‌ನಲ್ಲೇ ಆಗಷ್ಟೇ ತೆಗೆದಿದ್ದು ಆದ್ರೆ ಕ್ಯಾನ್ಸರ್‌ನಲ್ಲಿ ಎಂಡಿಎಸ್‌ಸಿ ಜಾಸ್ತಿ ಅಂತ ಬಂದೇ ಬರತ್ತೆ.

ಗ್ರಾಫ್ ಮತ್ತೆ ರೋಗಿಗಳು

ಸರಾಸರಿ ಗಡ್ಡೆ ಸೈಜಿನ ಗೆರೆ ಹದಿನೆಂಟನೇ ದಿನ ಇದ್ದಕ್ಕಿದ್ದಂತೆ ಕೆಳಗಿಳಿದ್ರೆ ಮೊದಲು ಎಷ್ಟು ಇಲಿ ಉಳಿದಿದೆ ನೋಡಿ. ದೊಡ್ಡ ಗಡ್ಡೆಯವನ್ನ ನಿಯಮದ ಪ್ರಕಾರ ಕೊಂದಿರ್ತೀವಿ, ಉಳಿದವು ಸಣ್ಣವು, ಸರಾಸರಿ ಇಳಿಯತ್ತೆ, ಒಂದು ಗಡ್ಡೆಯೂ ಕುಗ್ಗಿರಲ್ಲ. ಪ್ರತಿ ಇಲಿಯ ಗೆರೆ ಬೇರೆ ಬೇರೆ ತೋರಿಸಿ, ಮೊದಲ ಇಲಿ ಹೋದ ದಿನಕ್ಕೆ ಸರಾಸರಿ ಗೆರೆ ನಿಲ್ಲಿಸಿ.

ಮನುಷ್ಯರ ಡೇಟಾದಲ್ಲಿ ಇದರದೇ ಅಣ್ಣ ಇದೆ. ಇಮ್ಯುನೊಥೆರಪಿಯಲ್ಲಿ ಸೈಡ್ ಎಫೆಕ್ಟ್ ಬಂದವರು ಹೆಚ್ಚು ದಿನ ಬದುಕಿದ್ರು ಅಂತ ಬರತ್ತೆ, ಆದ್ರೆ ನಾಲ್ಕನೇ ತಿಂಗಳಲ್ಲಿ ಸೈಡ್ ಎಫೆಕ್ಟ್ ಬರಬೇಕಂದ್ರೆ ನಾಲ್ಕು ತಿಂಗಳು ಬದುಕಿರಲೇಬೇಕಲ್ಲ, ಬೇಗ ತೀರಿಹೋದವರೆಲ್ಲ ತಾನಾಗೇ ಸೈಡ್ ಎಫೆಕ್ಟ್ ಇಲ್ಲದ ಗುಂಪಿಗೆ ಬೀಳ್ತಾರೆ. ಒಂದು ದಿನಾಂಕ ಗೊತ್ತು ಮಾಡಿ ಅಲ್ಲಿ ತನಕ ಬದುಕಿದ್ದವರನ್ನ ಮಾತ್ರ ಹೋಲಿಸೋ ಲ್ಯಾಂಡ್‌ಮಾರ್ಕ್ ಅನಾಲಿಸಿಸ್ ಮಾಡಿ.

ಏನೂ ಆಗ್ಲಿಲ್ಲ ಅನ್ನೋ ರಿಸಲ್ಟ್

ಇಲ್ಲಿ ತನಕ ಬರೆದಿದ್ದೆಲ್ಲ ಇಲ್ಲದ್ದು ಕಂಡ ಕಥೆ, ಇದ್ದಿದ್ದು ಕಾಣದೇ ಹೋದಾಗ ಜೀವಕ್ಕೇ ಬರತ್ತೆ. ಟಿಜಿಎನ್1412 ಅನ್ನೋ ಸಿಡಿ28 (ಟಿ ಸೆಲ್‌ನ ಎಬ್ಬಿಸೋ ರಿಸೆಪ್ಟರ್) ಆಂಟಿಬಾಡಿ, ಬಿ ಸೆಲ್ ಲ್ಯುಕೇಮಿಯಾ ಮತ್ತೆ ಸಂಧಿವಾತಕ್ಕೆ ಅಂತ ತಯಾರಾಗಿದ್ದು. ಮಕಾಕ್ ಮಂಗಗಳಿಗೆ ಕೊಟ್ರು, ಏನೂ ಆಗ್ಲಿಲ್ಲ, ಮನುಷ್ಯರ ಪಿಬಿಎಂಸಿ ಮೇಲೆ ಹಾಕಿದ್ರು, ಸೈಟೊಕೈನ್ ಬರಲಿಲ್ಲ. 2006ರ ಮಾರ್ಚ್ 13ರಂದು ಲಂಡನ್‌ನಲ್ಲಿ 6 ಜನ ಆರೋಗ್ಯವಂತ ಸ್ವಯಂಸೇವಕರಿಗೆ, ಮಂಗಕ್ಕೆ ಸುರಕ್ಷಿತ ಅಂತ ಕಂಡ ಡೋಸ್‌ನ 500ರಲ್ಲಿ ಒಂದು ಭಾಗ ಕೊಟ್ರು, ಸುಮಾರು ಒಂದೂವರೆ ಗಂಟೆಯೊಳಗೆ ಆರೂ ಜನಕ್ಕೆ ಸೈಟೊಕೈನ್ ಸ್ಟಾರ್ಮ್ (ಸೈಟೊಕೈನ್ ಒಮ್ಮೆಲೇ ಅಪಾಯಕಾರಿಯಾಗಿ ಉಕ್ಕೋದು) ಶುರುವಾಗಿ ಐಸಿಯು ಸೇರಿದ್ರು, ಜೀವ ಉಳೀತು. ಮಕಾಕ್‌ನ ಎಫೆಕ್ಟರ್ ಮೆಮೊರಿ ಸಿಡಿ4 ಸೆಲ್‌ಗಳ ಮೇಲೆ ಸಿಡಿ28 ಇರಲ್ಲ, ಮನುಷ್ಯರಲ್ಲಿ ಇರತ್ತೆ, ಮಂಗ ಸುಮ್ಮನಿದ್ದಿದ್ದು ಅದಕ್ಕೆ. ಪಿಬಿಎಂಸಿ ಸುಮ್ಮನಿದ್ದಿದ್ದು ರಕ್ತದಿಂದ ತೆಗೆದ ಸೆಲ್‌ಗಳಿಗೆ ಟಿಶ್ಯೂನಲ್ಲಿದ್ದಾಗ ಸಿಗೋ ಪರಸ್ಪರ ಸಂಪರ್ಕ ತಪ್ಪಿಹೋಗಿದ್ದಕ್ಕೆ, ಮೊದಲು ಎರಡು ದಿನ ಒತ್ತೊತ್ತಾಗಿ, ಮಿಲಿಲೀಟರ್‌ಗೆ 1 ಕೋಟಿ ಸೆಲ್ ಲೆಕ್ಕದಲ್ಲಿ ಬೆಳೆಸಿ ಆಮೇಲೆ ಅದೇ ಆಂಟಿಬಾಡಿ ಹಾಕಿದ್ರೆ ಸೈಟೊಕೈನ್ ಧಾರಾಳವಾಗಿ ಬಂತು. ಹಾಗಾಗಿ ನೆಗೆಟಿವ್ ರಿಸಲ್ಟ್ ಬಂದ ದಿನವೂ ಅದೇ ಪ್ಲೇಟ್‌ನಲ್ಲಿ, ಅದೇ ಸೆಲ್‌ಗಳಲ್ಲಿ, ನೀವು ಹುಡುಕ್ತಿರೋ ಥರದ್ದೇ ಎಫೆಕ್ಟ್ ಖಂಡಿತ ಕೊಡೋ ಒಂದು ಪಾಸಿಟಿವ್ ಕಂಟ್ರೋಲ್ ಇಡಿ, ಇಲಿ ಅಥವಾ ಮಂಗದಲ್ಲಿ ಆ ರಿಸೆಪ್ಟರ್ ಅದೇ ಸೆಲ್ ಮೇಲೆ ಇದೆಯಾ ಅಂತ ಔಷಧ ಕೊಡೋ ಮುಂಚೆ ಸ್ಟೈನ್ ಮಾಡಿ ನೋಡಿ.